ಸೂರಿಗೆ ಅಂಟಿದ ಬಂಗಾರ

ಬೆಳಗ್ಗೆ ಗುಡಿಯ ಬಾಗಿಲು ತೆಗೆದು ನಾನು ಮೊದಲು ಮಾಡುವುದು ದೀಪ ಹಚ್ಚುವುದಲ್ಲ, ಗಂಟೆ ಬಾರಿಸುವುದೂ ಅಲ್ಲ. ಕಲ್ಲೇಶ್ವರನ ನೆತ್ತಿಯ ಮೇಲೆ ಅಂಗೈ ಇಡುವುದು. ಬೇರೆ ಊರಿನ ಪೂಜಾರಿಗಳು ಇದನ್ನು ಕೇಳಿದರೆ ನಕ್ಕಾರು. ಅವರ ದೇವರುಗಳು ಕೂತಲ್ಲೇ ಕೂತಿರುತ್ತಾರೆ, ಅವರಿಗೇನು. ನಮ್ಮೂರಲ್ಲಿ ಬರಿಗೈ ತಾಗದೆ ಉಳಿದದ್ದು ಯಾವುದೇ ಇರಲಿ, ದಿನ ಕಳೆದ ಹಾಗೆ ತನ್ನ ತೂಕ ಬಿಟ್ಟುಕೊಟ್ಟು ಮೇಲಕ್ಕೇಳುತ್ತದೆ. ಒಮ್ಮೆ ನಾನು ಚಳಿಜ್ವರ ಹಿಡಿದು ಮಲಗಿದ್ದೆ. ಎದ್ದು ಹೋಗಿ ನೋಡಿದರೆ ಕಲ್ಲಪ್ಪ ಪೀಠ ಬಿಟ್ಟು ಒಂದು ಗೇಣು ಮೇಲೆ ನಿಂತಿದ್ದ, ಏನೂ ಆಗದವನ ಹಾಗೆ. "ತಪ್ಪಾಯ್ತಪ್ಪಾ" ಎಂದು ತಲೆ ನೇವರಿಸಿದೆ. ಇಳಿದು ಕೂತ. ನಾನು ಅವನನ್ನು ಹಿಡಿದಿಟ್ಟಿದ್ದೇನೋ, ಬೆಳಗಾದರೆ ನನ್ನ ಕೈ ಬರಲಿ ಎಂದು ಅವನೇ ಕಾದು ಕೂತಿರುತ್ತಾನೋ, ಇಷ್ಟು ವರ್ಷ ಪೂಜೆ ಮಾಡಿಯೂ ನನಗೆ ತಿಳಿದಿಲ್ಲ.

ಊರಿನವರಿಗೆ ಇದೆಲ್ಲ ಅಭ್ಯಾಸ. ಶನಿವಾರ ಸಂಜೆಯಾಯಿತೆಂದರೆ ಮನೆಮನೆಯಲ್ಲೂ ಕೈಯಾಡಿಸುವ ಹೊತ್ತು. ಅಟ್ಟದ ಕೊಪ್ಪರಿಗೆ, ಬಾಣಂತನಕ್ಕೆಂದು ತೆಗೆದಿಟ್ಟ ತೊಟ್ಟಿಲು, ಬೀಗರು ಕೊಟ್ಟ ಬೇಡದ ಗಡಿಯಾರ, ಎಲ್ಲದರ ಮೇಲೂ ಒಮ್ಮೆ ಅಂಗೈ ಎಳೆದು ಬರುತ್ತಾರೆ. ದರ್ಜಿಯವನು ಹೊಲಿಯಲು ಕೊಟ್ಟು ಒಯ್ಯಲು ಬಾರದ ಗಿರಾಕಿಗಳನ್ನು ಬಯ್ಯುತ್ತ ಅವರ ಅಂಗಿಗಳನ್ನು ಸವರುತ್ತಾನೆ. ಶಾಲೆಯ ಪುಸ್ತಕದ ಬೀರು ತೆಗೆದರೆ ಯಾವ ಪುಸ್ತಕವನ್ನು ಯಾರೂ ಓದಿಲ್ಲ ಎನ್ನುವುದು ತಕ್ಷಣ ಗೊತ್ತಾಗುತ್ತದೆ. ಅವೆಲ್ಲ ಮೇಲಿನ ಹಲಗೆಗೆ ತಲೆ ಕೊಟ್ಟು ನಿಂತಿರುತ್ತವೆ. ಮೇಷ್ಟ್ರು ಅವನ್ನು ಕಿವಿ ಹಿಡಿದಂತೆ ಕೆಳಗೆಳೆಯುತ್ತಾರೆ.

ಮನುಷ್ಯರ ವಿಷಯ ಸ್ವಲ್ಪ ಬೇರೆ. ಪಾತ್ರೆಗೆ ಯಾರ ಕೈಯಾದರೂ ನಡೆಯುತ್ತದೆ, ಮನುಷ್ಯರಿಗೆ ಮನೆಯವರ ಕೈಯೇ ಆಗಬೇಕು. ಅದೂ ಕೇಳಿ ಪಡೆದದ್ದಾಗಬಾರದು. "ನನ್ನನ್ನೊಂದು ಸಲ ಮುಟ್ಟು" ಎಂದು ತಾನೇ ಬಾಯಿಬಿಟ್ಟರೆ, ಅಥವಾ ಪಕ್ಕದವರು ಹೇಳಿಕೊಟ್ಟರೆ, ಆ ಕೈಯಿಂದ ಬಂದ ತೂಕ ಒಂದು ಊಟದ ಹೊತ್ತೂ ನಿಲ್ಲುವುದಿಲ್ಲ. ಹಾಗಾಗಿ ನಮ್ಮಲ್ಲಿ ಅತ್ತೆ ಸೊಸೆಯರು ಜಗಳವಾಡಿಕೊಂಡೇ ಒಬ್ಬರಿಗೊಬ್ಬರು ತಲೆ ಬಾಚುತ್ತಾರೆ. ಅಣ್ಣ ತಮ್ಮನ ಬೆನ್ನಿಗೆ ಗುದ್ದಿದ್ದೂ ಲೆಕ್ಕಕ್ಕೆ ಬರುತ್ತದೆ. ಯಾರೂ ಇಲ್ಲದವರಿಗೆ ಗುಡಿಯೇ ಮನೆ, ನಾನೇ ಮನೆಯವನು. ತೀರ್ಥ ಕೊಟ್ಟು ತಲೆ ಮುಟ್ಟಿ ಕಳಿಸುತ್ತೇನೆ. ಆದರೆ ಮನೆಯವರು ಇದ್ದವರಿಗೆ ನನ್ನ ಕೈ ನಡೆಯುವುದಿಲ್ಲ. ಸೂರು ದಾಟಿ ಮೇಲೆ ಹೋದವರು ಯಾರೂ ತಿರುಗಿ ಬಂದದ್ದಿಲ್ಲ. ಎಲ್ಲಿಗೆ ಹೋದರೆಂದು ನಾವು ಕೇಳುವುದೂ ಇಲ್ಲ. ದೇವರು ಕೈಹಿಡಿದ ಎನ್ನುತ್ತೇವೆ.

ಇಂಥ ಊರಿನಲ್ಲಿ ಹುಟ್ಟಿ, ಯಾರ ಕೈಯೂ ತಾಗದ ವಸ್ತುವಿಗಾಗಿ ಜೀವ ತೇಯ್ದವನು ನನ್ನ ಗೆಳೆಯ ಹಾಲಪ್ಪ.

ಅವನು ಹಡಗಿನಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ. ಬಂದರಿನಿಂದ ಬಂದರಿಗೆ ಸುತ್ತುವಾಗ ಜೊತೆಯವರು ಸೆಂಟು, ಸೀರೆ, ರೇಡಿಯೋ ಕೊಂಡರೆ ಇವನು ಹಳೆ ನಾಣ್ಯದ ಅಂಗಡಿ ಹೊಗುತ್ತಿದ್ದ. ಅಲ್ಲಿ ಇವನ ಕಣ್ಣಿಗೆ ಬಿದ್ದದ್ದು ಅಮೆರಿಕದ ಬಂಗಾರದ ನಾಣ್ಯ, ಹೋದ ಶತಮಾನದ ಮೊದಲ ವರ್ಷಗಳಲ್ಲಿ ಟಂಕಿಸಿದ್ದು. ಇಪ್ಪತ್ತು ಡಾಲರಿನದರಲ್ಲಿ ಒಂದು ಕಡೆ ಗಾಳಿಗೆ ಕೂದಲು ಬಿಟ್ಟುಕೊಂಡು, ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ಎಲೆಯ ಕೊಂಬೆ ಹಿಡಿದು ನಡೆದು ಬರುವ ಹೆಣ್ಣುಮಗಳು, ಅವಳ ಬೆನ್ನಿಗೆ ಸೂರ್ಯನ ಕಿರಣ. ಇನ್ನೊಂದು ಕಡೆ ಹಾರುವ ಹದ್ದು. ಐದು ಡಾಲರಿನದರಲ್ಲಿ ಗರಿಯ ಕಿರೀಟ ತೊಟ್ಟ ಆ ನಾಡಿನ ಮೂಲದ ನಾಯಕ. ಅದರ ಚಿತ್ರ ಉಬ್ಬಿಲ್ಲ, ಒಳಕ್ಕೆ ತಗ್ಗಿದೆ. ಇವನು ನಿವೃತ್ತಿಯಾಗಿ ಊರಿಗೆ ಬಂದಾಗ ಎದುರುಮನೆಯ ಹೊನ್ನಜ್ಜಿ ಆ ಹೆಣ್ಣುಮಗಳನ್ನು ನೋಡಿ ಕೈಮುಗಿದಳು.

"ಪಂಜು ಐತೆ, ಬೇವಿನ ಕೊಂಬೆ ಐತೆ, ಕೂದ್ಲು ಕೆದರೈತೆ. ನಮ್ ಮಾರಿಯಮ್ಮನೇ ಕಣಪ್ಪ. ಅಮೆರಿಕಕ್ಕೆ ಯಾವಾಗ ಹೋಗಿದ್ಲು?"

"ಮುಟ್ಟಬೇಡ ಅಜ್ಜೀ!" ಎಂದು ಹಾಲಪ್ಪ ಹೌಹಾರಿದ. ಊರಿನಲ್ಲಿ ಅಲ್ಲಿಯವರೆಗೆ ಯಾರೂ ಯಾರಿಗೂ ಹೇಳಿರದ ಮಾತು ಅದು. ಅಜ್ಜಿ ವಾರವೆಲ್ಲ ಅದನ್ನೇ ಹೇಳಿಕೊಂಡು ತಿರುಗಿದಳು.

ಹಾಲಪ್ಪನಿಗೆ ಬೇಕಾದದ್ದು ಬಂಗಾರವಲ್ಲ, ಗ್ರೇಡು. ನಾಣ್ಯ ಅಚ್ಚಿನಿಂದ ಬಿದ್ದಾಗ ಹೇಗಿತ್ತೋ ಇಂದಿಗೂ ಹಾಗೇ ಇರಬೇಕು; ಯಾರ ಜೇಬಿನಲ್ಲೂ ಸವೆದಿರಬಾರದು, ಯಾರ ಬೆರಳೂ ತಾಗಿರಬಾರದು. ಅದಕ್ಕೆ ಎಪ್ಪತ್ತು ಅಂಕದ ಲೆಕ್ಕವಿದೆಯಂತೆ. ಅರವತ್ತೈದು ದಾಟಿದ್ದರೆ ಮಾತ್ರ ಅವನು ಅದರ ಎದುರು ದನಿ ತಗ್ಗಿಸುತ್ತಿದ್ದ. ಅವನದೋ ಅಂಗೈ ಬೆವರುವ ಜಾಯಮಾನ. ಬಂಗಾರದಲ್ಲಿ ಬೆರೆಸಿದ ತಾಮ್ರಕ್ಕೆ ಬೆವರು ತಾಗಿದರೆ ಕಂದು ಚುಕ್ಕೆ ಏಳುತ್ತದೆ. ಹಾಗಾಗಿ ಬಿಳಿ ಹತ್ತಿಯ ಕೈಗವುಸು ಹಾಕಿಕೊಂಡ. ಮೊದಮೊದಲು ನಾಣ್ಯ ಹಿಡಿಯುವಾಗ ಮಾತ್ರ. ಆಮೇಲೆ, ಹಾಕಿ ತೆಗೆಯುವಾಗ ಎಲ್ಲಿ ಜಿಡ್ಡು ಅಂಟುತ್ತದೋ ಎಂದು, ಬೆಳಗಿನಿಂದ ಮಲಗುವವರೆಗೆ. ಮಲಗುವಾಗಲೂ ಎಂದು ಅವನ ಹೆಂಡತಿ ನೀಲಕ್ಕ ಹೇಳಿದ್ದು. ರಾಗಿಮುದ್ದೆಯನ್ನು ಚಮಚದಲ್ಲಿ ತಿಂದ ಮನುಷ್ಯನನ್ನು ನಾನು ಕಂಡದ್ದು ಅವನೊಬ್ಬನನ್ನೇ. ಗುಡಿಗೆ ಬಂದರೆ ಗವುಸಿನ ಕೈಯನ್ನೇ ಒಡ್ಡುತ್ತಿದ್ದ. ತೀರ್ಥವನ್ನೆಲ್ಲ ಹತ್ತಿ ಕುಡಿಯುತ್ತಿತ್ತು.

"ಹಾಲಪ್ಪಾ, ಪುಣ್ಯವೆಲ್ಲ ಗವುಸಿಗೇ ಹೋಯ್ತಲ್ಲೋ" ಎಂದರೆ, "ಹಿಂಡ್ಕೊಂಡು ಕುಡಿತೀನಿ ಬಿಡಿ ಅಯ್ನೋರೇ" ಎನ್ನುತ್ತಿದ್ದ.

ಬರಿಗೈ ತಾಗದ ನಾಣ್ಯ ನಮ್ಮೂರಿನಲ್ಲಿ ಏನು ಮಾಡುತ್ತದೆ? ಮೇಲೇರಿದವು. ಹಾಲಪ್ಪನಿಗೆ ಮೊದಲು ಎದೆ ಧಸಕ್ಕೆಂದಿತು, ಆಮೇಲೆ ಖುಷಿಯಾಯಿತು. ಯಾಕೆಂದರೆ ಹೊರಊರಿನವರು ಭೂತಗನ್ನಡಿ ಹಿಡಿದು ತಡಕಾಡುವ ಗ್ರೇಡು ಇಲ್ಲಿ ಬರಿಗಣ್ಣಿಗೇ ಕಾಣುತ್ತಿತ್ತು. ಹಿಂದೆ ಯಾರೋ ನಾಲ್ಕು ಜನ ಕೈಯಲ್ಲಾಡಿಸಿದ್ದು ಮಂಡಿಯ ಎತ್ತರಕ್ಕೆ ನಿಲ್ಲುತ್ತಿತ್ತು. ಕಡಿಮೆ ಬಳಸಿದ್ದು ಎದೆಮಟ್ಟಕ್ಕೆ. ಯಾರೂ ಮುಟ್ಟದ್ದು ಸೂರಿಗೆ. ಎಲ್ಲಕ್ಕಿಂತ ಮೇಲೆ ಆ ಪಂಜಿನ ಹೆಣ್ಣುಮಗಳು. ಹೆಂಚಿಗೋ ತೊಲೆಗೋ ಉಜ್ಜಿ ಗೀರು ಬಿದ್ದೀತೆಂದು ಅವನು ಹಾಸಿಗೆಯನ್ನು ತಲೆಕೆಳಗು ಮಾಡಿ ಸೂರಿಗೆ ಕಟ್ಟಿದ, ಅದಕ್ಕೆ ರೇಷ್ಮೆ ಬಟ್ಟೆ ಹೊದಿಸಿದ, ಸುತ್ತ ಸೊಳ್ಳೆಪರದೆ ಇಳಿಬಿಟ್ಟ. ಬಂಗಾರಕ್ಕೆ ಮೇಲೆ ಹಾಸಿಗೆ, ಗಂಡ ಹೆಂಡತಿಗೆ ಕೆಳಗೆ ಚಾಪೆ.

"ಸೊಳ್ಳೆ ಅವುಕ್ ಕಚ್ಚುತ್ವಾ ನಮಗಾ?" ಎಂದು ನೀಲಕ್ಕ ಕೇಳಿದಳಂತೆ.

ನೀಲಕ್ಕನ ಬಗ್ಗೆ ಹೇಳಬೇಕು. ಮಕ್ಕಳಿಲ್ಲ ಎನ್ನುವ ಕೊರಗನ್ನು ಅವಳು ಯಾವತ್ತೋ ಕಲ್ಲಪ್ಪನ ಪಾದದಲ್ಲಿಟ್ಟು ಹಗುರಾಗಿದ್ದವಳು. ಮಾತಿನಲ್ಲಿ ಚುರುಕು. ಗಂಡ ಹಡಗಿನಲ್ಲಿದ್ದಷ್ಟು ಕಾಲ ಅವಳ ತಾಯಿ ಜೊತೆಗಿದ್ದಳು, ತಲೆ ಬಾಚುತ್ತಿದ್ದಳು, ತೊಂದರೆಯಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಇಬ್ಬರೇ. ಪ್ರತಿ ಶನಿವಾರ ಅವಳು ಹಾಲಪ್ಪನ ನೆತ್ತಿಗೆ ಹರಳೆಣ್ಣೆ ಒತ್ತುತ್ತಿದ್ದಳು. ಅವಳ ಕೈಯಿಂದ ಅವನು ಗುಂಡುಕಲ್ಲಿನ ಹಾಗೆ ಭೂಮಿಗೆ ಕೂತಿದ್ದ. ಅವನ ಕೈಗೆ ಗವುಸಿತ್ತು.

ನನಗೆ ಇದು ತಿಳಿದದ್ದು ಒಂದು ಸೋಮವಾರ. ಗುಡಿಯ ಅಂಗಳ ತೊಳೆದಿತ್ತು. ಬಂದ ಹೆಂಗಸರ ಒದ್ದೆ ಹೆಜ್ಜೆಗಳೆಲ್ಲ ಗರ್ಭಗುಡಿಯವರೆಗೆ ಸಾಲಾಗಿ ಬಂದಿದ್ದವು. ನೀಲಕ್ಕ ಬಂದಳು, ಹಣ್ಣುಕಾಯಿ ಕೊಟ್ಟಳು. ಅವಳ ಹಿಂದೆ ಕಲ್ಲು ಒಣಗಿಯೇ ಇತ್ತು. ನಾನು ಅವಳ ಪಾದ ನೋಡಿದೆ. ನಾನು ನೋಡಿದ್ದನ್ನು ಅವಳು ನೋಡಿದಳು. ಸೆರಗು ಸರಿಸಿ ಮಡಿಲು ತೋರಿಸಿದಳು: ಚಟ್ನಿ ರುಬ್ಬುವ ಗುಂಡು, ಮಗುವಿನ ಹಾಗೆ ಕಟ್ಟಿಕೊಂಡಿದ್ದಳು.

"ತಾಯೀ, ಇದೇನು?"

"ಇದಿಲ್ಲದಿದ್ರೆ ನಡೆಯೋಕಾಗಲ್ಲ ಅಯ್ನೋರೇ. ಮೊನ್ನೆ ಬಾವಿಕಟ್ಟೇಲಿ ಗಾಳಿ ಬೀಸ್ತು ನೋಡಿ, ನುಗ್ಗೆಮರದ ತುದಿ ಹಿಡ್ಕೊಂಡು ಉಳ್ಕೊಂಡೆ." ನಕ್ಕಳು. "ಒಳ್ಳೇದೇ ಆಯ್ತು. ತುದೀಲಿ ಕಾಯಿ ಎಷ್ಟಿತ್ತು ಅಂತೀರಿ! ಯಾರ ಕೈಗೂ ಸಿಕ್ಕಿರಲಿಲ್ಲ."

"ನಗಬೇಡ ತಾಯಿ. ಹಾಲಪ್ಪನಿಗೆ..."

"ನೀವು ಹೇಳಿದ್ರೆ ನಿಮ್ಮ ಕಲ್ಲಪ್ಪನ ಆಣೆ." ಈಗ ನಗು ಇರಲಿಲ್ಲ. "ಹೇಳಿಸಿ ಮುಟ್ಟಿಸ್ಕೊಂಡದ್ದು ನಿಲ್ಲುತ್ತಾ? ನಿಮಗೇ ಗೊತ್ತಲ್ಲ. ಅವರಿಗೇ ಕಾಣಬೇಕು. ಅವರ ಕಣ್ಣೋ ಬಲು ಸೂಕ್ಷ್ಮ. ನಾಣ್ಯದ ಆ ಹೆಂಗಸಿನ ಮೊಣಕಾಲ ಮೇಲೆ ಕೂದಲೆಳೆಯಷ್ಟು ಗೀರಿದ್ರೂ ಕಾಣುತ್ತೆ. ಎಂದಾದ್ರೂ ನಾನೂ ಕಂಡೇನು."

ಅವಳು ಹೋದಮೇಲೆ ನಾನು ದೇವರ ಮುಂದೆ ಬಹಳ ಹೊತ್ತು ಕೂತೆ. ಅವಳಿಗೆ ನನ್ನ ಕೈ ನಡೆಯದು, ಅವನಿಗೆ ನನ್ನ ಬಾಯಿ ನಡೆಯದು. ಪೂಜಾರಿಯಾದವನಿಗೆ ಕೈ ಬಾಯಿ ಬಿಟ್ಟರೆ ಇನ್ನೇನಿದೆ? ನೇರವಾಗಿ ಹೇಳದೆ ಸುತ್ತಿಬಳಸಿ ಹೇಳಿದರೆ ಪರವಾಗಿಲ್ಲವೇನೋ ಎಂದು ಧೈರ್ಯ ಮಾಡಿ ಹಾಲಪ್ಪನ ಜಗುಲಿಗೆ ಹೋದೆ.

"ಏನಪ್ಪಾ, ಮನೇಲಿ ಏನೋ ಸ್ವಲ್ಪ ಹಗುರಾಗ್ತಿರೋ ಹಾಗಿದೆ?"

ಅವನ ಮುಖ ಅರಳಿತು. "ಗಮನಿಸಿದ್ರಾ ಅಯ್ನೋರೇ? ಆ ಹತ್ತು ಡಾಲರಿಂದು ಈ ತಿಂಗಳು ಎಷ್ಟು ಚೆನ್ನಾಗಿ ಎದ್ದಿದೆ ಅಂತೀರಿ!"

"ಅದಲ್ಲವೋ. ಮನೆಗೆ ಕಳೆ ಕೊಡೋದು ಒಂದಿರುತ್ತಲ್ಲ. ನಿನಗಾಗಿ ಸಮುದ್ರದಾಚೆ ನೋಡ್ಕೊಂಡು ಕಾದಿದ್ದು. ಅದು ಕೈಬಿಟ್ಟು ಹೋದ್ರೆ..."

ಹಾಲಪ್ಪ ನನ್ನ ಭುಜದ ಮೇಲೆ ಗವುಸಿನ ಕೈಯಿಟ್ಟ. ಅವನ ಕಣ್ಣಲ್ಲಿ ನೀರಿತ್ತು. "ನನ್ನ ಮನಸ್ಸು ನಿಮ್ಮೊಬ್ಬರಿಗೇ ಅರ್ಥವಾದದ್ದು. ಅದಕ್ಕೇ ಜಿನದತ್ತಯ್ಯನವರಿಗೆ ಬರೋಕೆ ಹೇಳಿದೀನಿ. ಅವರು ನೋಡಿ ಗ್ರೇಡು ಕೊಟ್ರೆ ಗಾಜಿನ ಪೆಟ್ಟಿಗೇಲಿ ಮುದ್ರೆ ಹಾಕಿ ಕಬ್ಬಿಣದ ಸರಪಳಿಯಲ್ಲಿ ಕಟ್ಟಿಬಿಡ್ತೀನಿ. ಎಲ್ಲೂ ಹೋಗಲ್ಲ ಅವಳು."

ಒಳಗಿನಿಂದ ನೀಲಕ್ಕನ ಕೆಮ್ಮು ಕೇಳಿಸಿತು. ಕೆಮ್ಮೋ, ನಗುವೋ.

ಜಿನದತ್ತಯ್ಯನವರು ಹೊರಊರಿನವರು, ನಾಣ್ಯದ ಪರೀಕ್ಷೆಯಲ್ಲಿ ಹೆಸರು ಮಾಡಿದವರು. ಅವರು ಬರುವ ದಿನ ಹೋಳಿಗೆ ಊಟ, ನನಗೂ ಕರೆಯಿತ್ತು. ನಾನು ಹೋದಾಗ ಹಾಲಪ್ಪ ಏಣಿ ಹತ್ತಿ ಕೂತಿದ್ದ. ಪರೀಕ್ಷೆಗೆ ಸೂರ್ಯನ ಬೆಳಕೇ ಆಗಬೇಕು, ದೀಪದಲ್ಲಿ ಬಂಗಾರದ ಹೊಳಪು ಮೋಸ ಮಾಡುತ್ತದೆ ಎಂದು ಜಿನದತ್ತಯ್ಯನವರು ಹೇಳಿಕಳಿಸಿದ್ದರಂತೆ. ಅವನು ಹಾಸಿಗೆಯನ್ನು ಸುತ್ತಿ ಕೆಳಗೆಸೆದು, ನಡುಮನೆಯ ಹೆಂಚುಗಳನ್ನು ತೆಗೆದು, ಆಳು ನುಸುಳುವಷ್ಟು ಕಂಡಿ ಮಾಡಿದ್ದ. ಆ ಕಂಡಿಗೆ ಸೊಳ್ಳೆಪರದೆಯೊಂದೇ ಅಡ್ಡ. ಪರದೆಯ ಒಳಮೈಗೆ ನಾಣ್ಯಗಳು ಜೇನುಹುಳದ ಹಾಗೆ ಅಂಟಿಕೊಂಡು ಮಿನುಗುತ್ತಿದ್ದವು. ಅದರಾಚೆ ನೀಲಿ ಆಕಾಶ. ನನಗೆ ನೀಲಕ್ಕನ ನೆನಪಾಯಿತು. ಅಡುಗೆಮನೆಗೆ ಇಣುಕಿದೆ. ನೀಲಕ್ಕ ಬೆಂದ ಬೇಳೆ ಬೆಲ್ಲ ಕಲ್ಲಿಗೆ ಹಾಕಿ ಹೂರಣ ರುಬ್ಬುತ್ತಿದ್ದಳು. ಮನೆಗಿದ್ದದ್ದು ಒಂದೇ ಗುಂಡು. ಅದು ಅವಳ ಮಡಿಲಿನಿಂದ ಕಲ್ಲಿಗೆ ಬಂದಿತ್ತು.

"ತಾಯೀ!" ಎಂದೆ.

"ಎರಡು ಕಾಲನ್ನೂ ಒಲೆಕಟ್ಟೆಗೆ ಸಿಕ್ಕಿಸ್ಕೊಂಡಿದೀನಿ" ಎಂದು ಮೆಲ್ಲಗೆ ಹೇಳಿದಳು. "ಪರಊರಿನವರು ಬಂದಿದಾರೆ. ಹೂರಣ ತರಿತರಿ ಇದ್ರೆ ಏನಂದ್ಕೋತಾರೆ?"

ನಡುಮನೆಯಲ್ಲಿ ಮೇಜಿನ ಮೇಲೊಂದು ಸ್ಟೂಲು, ಸ್ಟೂಲಿನ ಮೇಲೆ ಜಿನದತ್ತಯ್ಯನವರು. ದಪ್ಪ ದೇಹ, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯ ಗಾಜು. ಹಾಲಪ್ಪ ಏಣಿಯ ತುದಿಯಲ್ಲಿ ಕೂತು, ಪಂಜಿನ ಹೆಣ್ಣುಮಗಳನ್ನು ಗವುಸಿನ ಎರಡು ಬೆರಳಲ್ಲಿ ಅಂಚು ಮಾತ್ರ ಹಿಡಿದು, ಬಿಸಿಲಿಗೆ ವಾಲಿಸುತ್ತಿದ್ದ. ಮದುವೆಯಲ್ಲಿ ತಾಳಿಯನ್ನೂ ಅವನು ಅಷ್ಟು ಜತನದಿಂದ ಹಿಡಿದಿರಲಿಲ್ಲ, ನಾನೇ ನೋಡಿದ್ದೇನೆ.

"ಒಳ್ಳೇ ಮಾಲು" ಎಂದರು ಜಿನದತ್ತಯ್ಯ. "ಅಪರೂಪದ್ದು. ಆದ್ರೆ ಇಲ್ಲಿ, ಕಾಲಿನ ಹತ್ರ, ಒಂದೆರಡು ಚುಚ್ಚು ಗುರುತಿವೆ ನೋಡಿ."

"ಯಾರು ಮುಟ್ಟಿದ್ದು?" ಹಾಲಪ್ಪನ ದನಿ ಕೀರಲಾಯಿತು.

"ಯಾರೂ ಅಲ್ಲ ಯಜಮಾನ್ರೇ. ಟಂಕಸಾಲೆಯಿಂದ ಚೀಲದಲ್ಲಿ ಒಟ್ಟಿಗೆ ತುಂಬಿ ಕಳಿಸ್ತಿದ್ರು. ಒಂದಕ್ಕೊಂದು ತಾಗಿ ಆಗೋ ಗುರುತು. ಎಂಥಾ ಒಳ್ಳೇ ನಾಣ್ಯಕ್ಕೂ ಚೂರಾದ್ರೂ ಇರುತ್ತೆ. ಅದನ್ನ ನಾವು ತಪ್ಪು ಅಂತ ಹಿಡಿಯೋಲ್ಲ."

"ಅಂದ್ರೆ ಅವುಕ್ಕೂ ಒಂದು ಸಂಸಾರ ಇತ್ತು ಅನ್ನಿ" ಎಂದಳು ನೀಲಕ್ಕ.

ಅವಳು ಮಜ್ಜಿಗೆಯ ಲೋಟ ಹಿಡಿದು ಜಿನದತ್ತಯ್ಯನವರ ಪಕ್ಕದಲ್ಲೇ ನಿಂತಿದ್ದಳು. ಅವರು ಗಾಜು ಕಣ್ಣಿನಲ್ಲೇ ಇಟ್ಟುಕೊಂಡು ಲೋಟ ತೆಗೆದುಕೊಂಡರು, "ಸುಖವಾಗಿರಿ ತಾಯಿ" ಎಂದರು, ಒಂದು ಗುಟುಕು ಕುಡಿದರು. ಆಮೇಲೆ ತಾವಿರುವುದು ಮೇಜು ಮತ್ತು ಸ್ಟೂಲಿನ ಮೇಲೆ ಎನ್ನುವುದು ನೆನಪಾಗಿರಬೇಕು. ನಿಧಾನವಾಗಿ ಕೆಳಗೆ ನೋಡಿದರು. ನೀಲಕ್ಕನ ಪಾದದ ಕೆಳಗೆ ಬರೀ ಗಾಳಿ. ಮಜ್ಜಿಗೆ ನನ್ನ ತಲೆಗೆ, ಸ್ಟೂಲು ಒಂದು ಕಡೆಗೆ, ಜಿನದತ್ತಯ್ಯನವರು ಸುತ್ತಿಟ್ಟ ಹಾಸಿಗೆಯ ಪಕ್ಕಕ್ಕೆ.

"ಯಜಮಾನ್ರೇ! ನಿಮ್ಮ ಮನೆಯವರು..." ಎಂದು ಅವರು ಕೂಗತೊಡಗಿದರು. ನಾನು ಓಡಿಹೋಗಿ ಅವರ ಬಾಯಿ ಮುಚ್ಚಿದೆ. "ಹೇಳಬೇಡಿ ಸ್ವಾಮಿ! ಹೇಳಿದ್ರೆ ಕೆಡುತ್ತೆ!" ಅವರು ನನ್ನ ಅಂಗೈಯೊಳಗೇ ಏನೇನೋ ಅಂದರು. ನಮ್ಮೂರಿನವರೆಲ್ಲ ಹುಚ್ಚರು ಎನ್ನುವ ಅರ್ಥವಿತ್ತು.

ಹಾಲಪ್ಪನ ಕಣ್ಣು ನಾಣ್ಯ ಬಿಟ್ಟು ಕದಲಿರಲಿಲ್ಲ. "ನೀಲಾ, ಸ್ವಲ್ಪ ಆಕಡೆ ಸರಿ. ಉಸಿರು ತಾಗುತ್ತೆ ಅದಕ್ಕೆ."

"ಸರೀತೀನಿ. ಎಲ್ಲಿಗೆ ಸರೀಲಿ? ಮೇಲೇ ಜಾಗ ಇರೋದು" ಎಂದು ನೀಲಕ್ಕ ಇನ್ನೊಂದು ಮೊಳ ಏರಿದಳು. ಅವಳ ತುರುಬು ಪರದೆಗೆ ತಾಗಿತು. ನಾಣ್ಯಗಳು ಅತ್ತಿತ್ತ ಸರಿದು ಅವಳಿಗೆ ದಾರಿ ಕೊಟ್ಟವು. ಹಳೆಯ ಪರದೆ, ಒಂದು ಮೂಲೆಯಲ್ಲಿ ಪರ್ರನೆ ಬಿಟ್ಟುಕೊಂಡಿತು. ಬಿಸಿಲು ಅವಳ ಮುಖದ ಮೇಲೆ ಬಿತ್ತು. ಅವಳಿಗೆ ಭಯವಾಗಿತ್ತು. ನಾನು ಕೆಳಗಿನಿಂದ ನೋಡಿದೆ, ಕಂಡಿಯ ಅಂಚಿನ ರೀಪನ್ನು ಅವಳ ಬೆರಳುಗಳು ಹುಡುಕುತ್ತಿದ್ದವು, ಸಿಕ್ಕರೂ ಹಿಡಿತ ನಿಲ್ಲುತ್ತಿರಲಿಲ್ಲ. ಆದರೂ ದನಿಯಲ್ಲಿ ಬಿಗುಮಾನ.

"ನೋಡ್ರೀ, ಎಷ್ಟು ಮೇಲಿದೀನಿ. ನಂಗೂ ಗ್ರೇಡು ಬಂದಿದೆ ಈಗ. ಮುಟ್ಟಬೇಡಿ ಮತ್ತೆ, ಗುರುತಾದೀತು!"

"ಏನು ಮಾತೂಂತ ಆಡ್ತೀಯೇ..." ಎಂದು ಹಾಲಪ್ಪ ತಲೆಯೆತ್ತಿದ.

ಅವನ ಮೂಗಿನ ಎದುರಿಗೇ ಅವಳ ಹಿಮ್ಮಡಿ ಇತ್ತು. ಒಡೆದ ಹಿಮ್ಮಡಿ, ಬಿರುಕಿನಲ್ಲಿ ಅರಿಸಿನ, ಬೆರಳಲ್ಲಿ ಅವನೇ ತೊಡಿಸಿದ ಕಾಲುಂಗುರ ಸವೆದು ತಂತಿಯಾಗಿತ್ತು. ಅವನು ಅದನ್ನು ನೋಡಿದ. ಭೂತಗನ್ನಡಿ ಇಲ್ಲದೆ, ಎಲ್ಲ ಗೀರುಗಳನ್ನೂ ಒಂದೊಂದಾಗಿ ನೋಡಿದ. ಅವನ ಮುಖದಲ್ಲಿ ಅರ್ಥ ಮೂಡಿದ್ದನ್ನು ನಾನು ಕಂಡೆ; ಹೆಂಚಿನ ಮೇಲಿಂದ ಬೆಳಕು ಜಾರಿಬಂದ ಹಾಗೆ ಹಣೆಯಿಂದ ಗಲ್ಲಕ್ಕೆ ಬಂತು. ನನ್ನ ಒಂದು ಕೈ ಜಿನದತ್ತಯ್ಯನವರ ಬಾಯಿಯ ಮೇಲಿತ್ತು, ಇನ್ನೊಂದನ್ನು ನನ್ನ ಬಾಯಿಯ ಮೇಲಿಟ್ಟುಕೊಂಡೆ. ಕಲ್ಲಪ್ಪಾ, ನೀನೇ ನೋಡಿಕೋ ಎಂದೆ.

ಹಾಲಪ್ಪ ಎಡಗೈ ಚಾಚಿ ಅವಳ ಪಾದ ಹಿಡಿದ. ಗವುಸಿನ ಕೈ. ಅವಳು ಅದರೊಳಗಿಂದ ಸೋಪಿನ ಹಾಗೆ ಜಾರಿ ಇನ್ನೊಂದು ಗೇಣು ಏರಿದಳು. ಅವಳ ತಲೆ ಹೆಂಚು ದಾಟಿತ್ತು. ಅವನಿಗೆ ಎರಡು ಕೈಯೂ ಬರಿದಾಗಬೇಕಿತ್ತು. ಬಲಗೈಯಲ್ಲಿ ಅವನ ಆಯಸ್ಸಿನ ನಾಣ್ಯ. ಇಡಲು ಜಾಗವಿಲ್ಲ. ಬಿಟ್ಟರೆ ಆಕಾಶಕ್ಕೆ.

ಹಾಲಪ್ಪ ಅದನ್ನು ಬಾಯಿಗೆ ಹಾಕಿಕೊಂಡ.

ಜಿನದತ್ತಯ್ಯನವರು ನನ್ನ ಕೈ ಕಚ್ಚಿದರು. ಅವರ ತಪ್ಪಲ್ಲ. ನಲವತ್ತು ವರ್ಷ ನಾಣ್ಯ ನೋಡಿದವರಿಗೆ ಅಂಥದ್ದು ಕ್ಷಣಮಾತ್ರವೂ ನೋಡಲಾಗದು. ಹಾಲಪ್ಪ ಅಮೆರಿಕದ ಹೆಣ್ಣುಮಗಳನ್ನು ಎಲೆಅಡಿಕೆಯ ಹಾಗೆ ದವಡೆಗೆ ತಳ್ಳಿ, ಹಲ್ಲಿನಿಂದ ಒಂದು ಗವುಸು ಎಳೆದು ಉಗಿದ, ಇನ್ನೊಂದನ್ನೂ ಎಳೆದು ಉಗಿದ. ಒಳಗಿದ್ದ ಕೈಗಳು ಬಿಸಿಲು ಕಾಣದೆ ಎಳೆ ಮೂಲಂಗಿಯ ಹಾಗೆ ಬೆಳ್ಳಗಾಗಿದ್ದವು. ಅವನು ಏಣಿಯ ಕೊನೆಯ ಮೆಟ್ಟಿಲಿನ ಮೇಲೆ ಎದ್ದು ನಿಂತು, ಎರಡೂ ಕೈಗಳಿಂದ ಅವಳ ಎರಡೂ ಕಣಕಾಲು ಹಿಡಿದ.

ಅಷ್ಟು ದಿನ ಇಲ್ಲದ ತೂಕವೆಲ್ಲ ನೀಲಕ್ಕನಿಗೆ ಒಮ್ಮೆಗೇ ಬಂತು. ಏಣಿ ಜಾರಿತು. ಇಬ್ಬರೂ ದಬಕ್ಕೆಂದು ಸುತ್ತಿಟ್ಟ ಹಾಸಿಗೆಯ ಮೇಲೆ ಬಿದ್ದರು. ಮನೆಯ ಪಾತ್ರೆಯೆಲ್ಲ ಝಣಗುಟ್ಟಿತು. ಎದುರುಮನೆಯಿಂದ ಹೊನ್ನಜ್ಜಿ "ಏನ್ರೋ ಬಿತ್ತು?" ಎಂದು ಕೂಗಿದಳು. "ನೀಲಕ್ಕ ಕಣಜ್ಜಿ!" ಎಂದು ನಾನು ಕೂಗಿ ಹೇಳಿದೆ.

ಮೇಲೆ, ಹರಿದ ಪರದೆಯ ಮೂಲೆಯಿಂದ ನಾಣ್ಯಗಳು ಹೊರಟಿದ್ದವು. ಗರಿ ಕಿರೀಟದ ನಾಯಕ ಮೊದಲು, ಆಮೇಲೆ ಹದ್ದುಗಳು, ಒಂದರ ಹಿಂದೊಂದು ಕಂಡಿ ದಾಟಿ, ಬಿಸಿಲಿನಲ್ಲಿ ಒಮ್ಮೆ ಫಳ್ಳೆಂದು, ಮೇಲಕ್ಕೆ. ಜಿನದತ್ತಯ್ಯನವರು ಎರಡೂ ಕೈ ಎತ್ತಿಕೊಂಡು ನಡುಮನೆಯೆಲ್ಲ ಓಡಾಡಿದರು. "ಹೋಗ್ತಿವೆ ಯಜಮಾನ್ರೇ! ಅರವತ್ತಾರು ಅಂಕದ್ದು ಹೋಗ್ತಿದೆ! ನೋಡಿಯಾದ್ರೂ ನೋಡಿ!"

ಹಾಲಪ್ಪ ತಲೆಯೆತ್ತಲಿಲ್ಲ. ಬೆವರುವ ಅಂಗೈಗಳಿಂದ ಅವಳ ಕಾಲನ್ನು ಹಿಡಿದು ಕೂತಿದ್ದ. ನೀಲಕ್ಕ ಕೂದಲು ಸರಿಮಾಡಿಕೊಂಡಳು, ಸೆರಗು ಎಳೆದುಕೊಂಡಳು.

"ಬಿಡ್ರೀ. ಹೊರಗಿನೋರಿದಾರೆ."

"ಊಹೂಂ" ಎಂದ ಹಾಲಪ್ಪ. ದವಡೆಯಲ್ಲಿ ನಾಣ್ಯವಿರುವವನು ಅಷ್ಟೇ ಹೇಳಲು ಸಾಧ್ಯ.

"ಏನು ಕೆನ್ನೆ ಊದಿರೋದು? ಉಗುಳಿ ಮೊದ್ಲು. ಗಂಟಲಿಗೆ ಹೋದೀತು." ಅವಳು ಅಂಗೈ ಒಡ್ಡಿದಳು. ಅವನು ಮಗುವಿನ ಹಾಗೆ ಉಗುಳಿದ. ಜಿನದತ್ತಯ್ಯನವರು ತಡೆಯಲಾರದೆ ಬಗ್ಗಿ ಗಾಜು ಹಿಡಿದರು. ಹೆಣ್ಣುಮಗಳ ಭುಜದ ಮೇಲೆ ಹಾಲಪ್ಪನ ಕೋರೆಹಲ್ಲು ಚೆನ್ನಾಗಿ ಮೂಡಿತ್ತು.

"ಎಷ್ಟು ಅಂಕ ಬಂತು?" ನೀಲಕ್ಕ ಕೇಳಿದಳು, ಮುಖ ಗಂಭೀರ ಮಾಡಿಕೊಂಡು.

ಜಿನದತ್ತಯ್ಯನವರು ಕಣ್ಣಿನಿಂದ ಗಾಜು ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಜೇಬಿಗೆ ಹಾಕಿಕೊಂಡರು. "ಇದಕ್ಕೆ ಅಂಕ ಕೊಡೋಕೆ ನಮಗೆ ಬರೋದಿಲ್ಲ ತಾಯಿ" ಎಂದರು. ಅವರು ಸುಳ್ಳು ಹೇಳದ ಮನುಷ್ಯ.

"ನೀಲಾ" ಎಂದ ಹಾಲಪ್ಪ. ನೀಲಕ್ಕ ಮುಂದಿನ ಮಾತಿಗೆ ಕಾಯಲಿಲ್ಲ. ಅವಳ ಮೂಗು ಅರಳಿತ್ತು.

"ಅಯ್ಯೋ, ಕಾವಲಿ ಮೇಲೆ ಹೋಳಿಗೆ ಇದೆ! ಹೊತ್ತುತಾ ಇದೆ! ಬಿಡ್ರೀ ಕಾಲು!"

"ಬಿಡಲ್ಲ."

"ಸಂಜೆ ಹಿಡ್ಕೊಳ್ಳೋರಂತೆ, ಈಗ ಬಿಡಿ."

"ಬಿಡಲ್ಲ ಅಂದ್ನಲ್ಲ."

ಹಾಗಾಗಿ ಅಂದು ಆ ಮನೆಯಲ್ಲಿ ಹೋಳಿಗೆ ಮಗುಚಿದವನು ನಾನು. ದೇವರ ಅಡುಗೆಗಷ್ಟೇ ಸೌಟು ಹಿಡಿದಿದ್ದ ಕೈ ನನ್ನದು, ಎರಡು ಸೀದುಹೋದವು. ಜಿನದತ್ತಯ್ಯನವರು ಎಲೆ ಹಾಕಿದರು, ನೀರು ಚಿಮುಕಿಸಿದರು, ಉಪ್ಪಿನಿಂದ ಶುರುಮಾಡಿ ಸರಿಯಾದ ಕ್ರಮದಲ್ಲಿ ಬಡಿಸಿದರು, ಒಳ್ಳೆಯ ಮನೆತನದವರು. ನೀಲಕ್ಕ ಹಾಸಿಗೆಯ ಮೇಲೆ ಕೂತಲ್ಲಿಂದಲೇ "ತುಪ್ಪ ಕೈಬಿಚ್ಚಿ ಹಾಕಿ ಅಯ್ನೋರೇ, ನಿಮ್ಮನೇದಾ ನಮ್ಮನೇದಾ?" ಎಂದು ಆಳುತ್ತಿದ್ದಳು. ಹಾಲಪ್ಪನ ಎಲೆಯಲ್ಲಿ ಹೋಳಿಗೆ ಆರುತ್ತಿತ್ತು. ಅವನ ಎರಡು ಕೈಗೂ ಕೆಲಸವಿತ್ತು. ಸ್ವಲ್ಪ ಹೊತ್ತು ನೋಡಿ, ನೀಲಕ್ಕ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಅವನ ಬಾಯಿಗೆ ಇಟ್ಟಳು. ನಾವು ನೋಡಬಾರದೆಂದು ಜಿನದತ್ತಯ್ಯನವರು, ನಾನು ಬೇಡಬೇಡ ಎಂದರೂ, ನನ್ನ ಎಲೆಗೆ ಪಲ್ಯ ಬಡಿಸುತ್ತಲೇ ಇದ್ದರು.